ಕುಮಟೆಯ ನಮ್ಮ ಭಟ್ಟಿಗೆ ಹೆಗಲು ಕೊಟ್ಟವರಿಗೆ

ಕಳೆದ ವಾರ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚಿದ ಬಟ್ಟಲುಗಳು ನಮ್ಮದೇ ಭಟ್ಟಿಯಿಂದ ಹೊರಬಂದವು. ಕುಮಟೆಯಲ್ಲಿ ಸಣ್ಣದೊಂದು ಕುಂಬಾರಿಕೆ ಸ್ಟುಡಿಯೋ ಮಾಡಬೇಕು ಅನ್ನುವ ನನ್ನ ಆಸೆ ಈಡೇರಿದೆ. ಅಲ್ಲಿರುವ ದೊಡ್ಡ ಸಾಮಾನು ಒಂದೂ ಹೊಸದಲ್ಲ. ಹೊಸದು ಕೊಳ್ಳುವಷ್ಟು ಹಣ ನನ್ನ ಹತ್ತಿರ ಇರಲಿಲ್ಲ. ಹಳೆಯದನ್ನು ಕಡಿಮೆ ಬೆಲೆಗೆ ಕೊಟ್ಟವರಿಗೆ ಧನ್ಯವಾದ. ಅದರಲ್ಲಿ ಏನು ಕೆಟ್ಟಿದೆ ಅಂತ ಮುಚ್ಚಿಡದೆ ಹೇಳಿದವರಿಗೆ ಇನ್ನೂ ದೊಡ್ಡ ಧನ್ಯವಾದ.

ಮೊದಲು ಧಾರವಾಡದ ಅಕ್ಕ. ಕರೆಂಟಿನ ಭಟ್ಟಿಯ ಬೆಲೆ ಹೇಳುವ ಮೊದಲೇ ಅವರು ಹೇಳಿದ್ದು, "ಎರಡು ಕಾಯಿಲ್ ಹೋಗ್ಯಾವ್ರಿ, ಮೀಟರೂ ಸುಳ್ಳ ತೋರಸ್ತೈತಿ." ಇಷ್ಟು ಗೊತ್ತಾದರೆ ರಿಪೇರಿಯ ಲೆಕ್ಕ ಹಾಕಬಹುದು, ಅಲ್ವಾ? ಭಟ್ಟಿಯನ್ನು ಬಿಸಿ ಮಾಡುವ ಕಾಯಿಲ್ ಹೋದರೆ, ಹೆಚ್ಚು ಬಿಸಿ ತಡೆಯುವ ಕಾಂಥಾಲ್ ತಂತಿ ಸುತ್ತಿಸಿ ಹೊಸದು ಹಾಕಿಸಬಹುದು. ಒಳಗಿನ ಇಟ್ಟಿಗೆ ಉದುರುತ್ತಿದ್ದರೆ ಖರ್ಚು ಜಾಸ್ತಿ. ಬಿಸಿ ತೋರಿಸುವ ಮೀಟರನ್ನು ನಂಬಬೇಡಿ ಅಂತ ಒಂದು ಪೊಟ್ಟಣ ಕೋನ್ (ಭಟ್ಟಿಯೊಳಗೆ ಇಡುವ ಮಣ್ಣಿನ ಶಂಕು) ಕೂಡ ಕೊಟ್ಟು ಕಳಿಸಿದರು. ಬೆಂಕಿಯ ಕೆಲಸ ಎಷ್ಟಾಗಿದೆ ಅನ್ನುವುದು ಆ ಪುಟ್ಟ ಕೋನ್ ಬಾಗಿದಾಗ ಗೊತ್ತಾಗುತ್ತದೆ.

ಭಟ್ಟಿಯನ್ನು ತಂದ ಪಿಕಪ್ ಅಣ್ಣನನ್ನು ಎಷ್ಟು ನೆನೆದರೂ ಸಾಲದು. ಭಟ್ಟಿಯ ಒಳಗಿನ ಇಟ್ಟಿಗೆ ತುಂಬಾ ಹಗುರ, ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ. ಬಳಸಿದ ಕಾಯಿಲ್ ತಣ್ಣಗಿದ್ದಾಗ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಅವರು ಹುಲ್ಲು ಹಾಸಿ, ಬಾಗಿಲು ಬಿಚ್ಚಿ ಬೇರೆ ಕಟ್ಟಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಸಿದರು. ಹಿಂದಿನ ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ಅವಸರ ಮಾಡಲಿಲ್ಲ. ಒಂದು ಇಟ್ಟಿಗೆಯೂ ಬಿರುಕು ಬಿಟ್ಟಿಲ್ಲ.

ಮಡಕೆ ಮಾಡುವ ಚಕ್ರ, ಅಂದರೆ ತಿಗರಿ, ಸಿಕ್ಕಿದ್ದು ಮುಚ್ಚಿಹೋದ ಸ್ಟುಡಿಯೋ ಒಂದರಿಂದ. ಸುಮ್ನೆ ತಿರುಗಿಸಿದರೆ ಚೆನ್ನಾಗಿಯೇ ಇತ್ತು. ಮಣ್ಣು ಇಟ್ಟು ಒತ್ತಿದಾಗ ಸದ್ದು ಶುರುವಾಯಿತು, ವೇಗ ಇಳಿಯಿತು. ಕೊಳ್ಳುವವರು ಮಣ್ಣು ತೆಗೆದುಕೊಂಡೇ ಹೋಗಿ. ತದಡಿಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವ ಮಾವ ಅದರ ಬೇರಿಂಗ್, ಬೆಲ್ಟ್ ಎರಡೂ ಬದಲಿಸಿಕೊಟ್ಟರು. "ಉಪ್ಪು ಗಾಳಿ ಕಬ್ಬಿಣವನ್ನ ಬಿಡೂದಿಲ್ಲ, ಮಳೆಗಾಲದಲ್ಲಿ ಎಣ್ಣೆ ಬಟ್ಟೆಯಿಂದ ಒರೆಸ್ತಾ ಇರು" ಅಂದರು. ಕೂಲಿ ಎಷ್ಟು ಅಂತ ಕೇಳಿದರೆ, ಉಪ್ಪಿನಕಾಯಿಗೆ ಒಂದು ಭರಣಿ ಮಾಡಿಕೊಡು ಸಾಕು ಅಂದರು. ಭರಣಿ ಸಿದ್ಧವಾಗಿದೆ ಮಾವ, ತರುತ್ತೇನೆ.

ಬಟ್ಟಲು ಜೋಡಿಸಲು ಭಟ್ಟಿಯೊಳಗೆ ಇಡುವ, ಬೆಂಕಿಗೆ ಜಗ್ಗದ ಹಲಗೆಗಳನ್ನು ಆರಿಸಿಕೊಟ್ಟವರು ಕುಂಬಾರ ಮನೆತನದ ಅಜ್ಜ. ಅವರು ಕರೆಂಟಿನ ಭಟ್ಟಿ ಮುಟ್ಟಿದವರೇ ಅಲ್ಲ. ಆದರೆ ಮಡಕೆ ತಟ್ಟಿ ನೋಡುವ ಹಾಗೆ ಒಂದೊಂದನ್ನೂ ಎತ್ತಿ ಹಿಡಿದು ತಟ್ಟಿದರು. ಠಣ್ ಅಂದದ್ದು ಒಳಗೆ, ಮಂಕಾಗಿ ಸದ್ದು ಕೊಟ್ಟದ್ದು ಹೊರಗೆ. ಕಣ್ಣಿಗೆ ಕಾಣದ ಬಿರುಕನ್ನು ಅವರ ಕಿವಿ ಹಿಡಿಯಿತು. ಆ ಬಿರುಕಿನ ಹಲಗೆ 1200 ಡಿಗ್ರಿಯಲ್ಲಿ ಮುರಿದಿದ್ದರೆ ಕೆಳಗಿನ ಬಟ್ಟಲೆಲ್ಲ ಹೋಗುತ್ತಿದ್ದವು.

ತ್ರೀ ಫೇಸ್ ವೈರಿಂಗ್, ಅರ್ಥಿಂಗ್ ಎಲ್ಲ ಮಾಡಿಕೊಟ್ಟ ತಮ್ಮನಿಗೂ, ಭಟ್ಟಿ ಉರಿಯುವಾಗ ನನ್ನ ಜೊತೆ ರಾತ್ರಿ ಎಚ್ಚರ ಕೂತ ಆಯಿಗೂ ನಾನು ಋಣಿ.

ಈಗ ಹೊನ್ನಾವರದ ಒಬ್ಬಳು ಹುಡುಗಿ ತಿಗರಿ ಹುಡುಕುತ್ತಿದ್ದಾಳೆ. ಯಾರ ಮನೆಯಲ್ಲಾದರೂ ಬಳಸದೆ ಇಟ್ಟದ್ದಿದ್ದರೆ ತಿಳಿಸಿ, ಏನು ಕೆಟ್ಟಿದೆ ಅಂತಲೂ ಹೇಳಿ. ಮಣ್ಣು ಹಿಡಿದುಕೊಂಡು ನಾನೇ ಅವಳ ಜೊತೆ ನೋಡಲು ಬರುತ್ತೇನೆ.