ಬೆರಳಿನ ಬದಿಗೆ ಚುಚ್ಚಲು ಕಲಿಸಿದವರಿಗೆ

ಕಳೆದ ವಾರ ಬಂದ ರಕ್ತಪರೀಕ್ಷೆಯ ವರದಿಯಲ್ಲಿ ನನ್ನ ಎಚ್‌ಬಿಎ1ಸಿ ಶೇ 6.8ಕ್ಕೆ ಇಳಿದಿದೆ. ಟೈಪ್ 2 ಮಧುಮೇಹವಿದೆಯೆಂದು ತಿಳಿದಾಗ ಅದು ಶೇ 9.4 ಇತ್ತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ತಿಳಿಸುವ ಈ ಅಂಕಿ ಇಳಿದದ್ದಕ್ಕೆ ಮಾತ್ರೆಗಳಷ್ಟೇ ಕಾರಣವಲ್ಲ. ಬೆರಳು ಚುಚ್ಚಿ ತೆಗೆದ ಹನಿ ರಕ್ತದಿಂದ, ಗ್ಲುಕೋಮೀಟರ್ ಎಂಬ ಪುಟ್ಟ ಯಂತ್ರದಲ್ಲಿ ಮನೆಯಲ್ಲಿಯೇ ಸಕ್ಕರೆ ನೋಡಿಕೊಳ್ಳುವುದನ್ನು ಕಲಿಸಿದ ಕೆಲವರ ಋಣ ನನ್ನ ಮೇಲಿದೆ.

ಮೊದಲು ನೆನೆಯಬೇಕಾದವರು ತಾಲ್ಲೂಕು ಆಸ್ಪತ್ರೆಯ ಸಿಸ್ಟರ್. ಹೊರಗೆ ಸಾಲು ಉದ್ದವಿದ್ದರೂ ಅವಸರಪಡದೆ, ನನ್ನ ಎಡಗೈಯನ್ನು ಮೇಜಿನ ಮೇಲಿರಿಸಿಕೊಂಡು, ಬೆರಳ ತುದಿಯ ನಡುಭಾಗದಲ್ಲಿ ನೋವು ಹೆಚ್ಚಾಗುವುದರಿಂದ ಬದಿಗೆ ಚುಚ್ಚಬೇಕೆಂದೂ, ಪ್ರತಿಸಲ ಬೆರಳು ಬದಲಾಯಿಸಬೇಕೆಂದೂ ತೋರಿಸಿಕೊಟ್ಟರು. ಹಣ್ಣು ಮುಟ್ಟಿದ ಕೈಯಲ್ಲಿ ಪರೀಕ್ಷಿಸಿದರೆ ಚರ್ಮಕ್ಕಂಟಿದ ಸಕ್ಕರೆಯೇ ಅಂಕಿಯನ್ನು ಏರಿಸಿಬಿಡುತ್ತದೆ, ಆದ್ದರಿಂದ ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ ಎಂದರು. ರಕ್ತದ ಹನಿ ತಾಗಿಸುವ ಸ್ಟ್ರಿಪ್ಪುಗಳು ತೇವಕ್ಕೆ ಕೆಡುವುದರಿಂದ ಅವುಗಳ ಡಬ್ಬಿಯ ಮುಚ್ಚಳವನ್ನು ಕೂಡಲೇ ಬಿಗಿಯಾಗಿ ಹಾಕಬೇಕೆಂಬ ಅವರ ಮಾತಿನ ಬೆಲೆ, ಗೋಡೆಗಳೂ ಬೆವರುವ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚೆನ್ನಾಗಿ ತಿಳಿಯಿತು.

ಸ್ಟ್ರಿಪ್ಪುಗಳ ಖರ್ಚನ್ನು ಅರಿತಿದ್ದ ವೈದ್ಯರು, ದಿನವಿಡೀ ನೋಡುತ್ತಿರುವ ಬದಲು ಒಂದು ಊಟವನ್ನು ಆರಿಸಿಕೊಂಡು, ಅದಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ ಮತ್ತೊಮ್ಮೆ ನೋಡಲು ಹೇಳಿದರು. ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180 ಮಿ.ಗ್ರಾಂ/ಡೆ.ಲೀ. ಒಳಗೆ ಎಂಬುದು ನನಗೆ ಅವರು ಕೊಟ್ಟ ಗುರಿ. ಬೆಳಗಿನ ಅಕ್ಕಿ ರೊಟ್ಟಿಯ ನಂತರ 226 ಕಂಡಾಗ ನನ್ನ ಪತ್ನಿ ಬೈಯಲಿಲ್ಲ, ಗಾಬರಿಯನ್ನೂ ಪಡಲಿಲ್ಲ; ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುವಾರ ಒಂದು ರೊಟ್ಟಿ ಕಡಿಮೆ ಮಾಡಿ, ಮೊಳಕೆ ಬಂದ ಹೆಸರುಕಾಳಿನ ಪಲ್ಯವನ್ನು ಧಾರಾಳವಾಗಿ ಬಡಿಸಿದಳು. ಅಂದು 164 ಬಂತು. ಪಥ್ಯದ ಹಾಳೆಯನ್ನು ಎಷ್ಟು ಸಲ ಓದಿದ್ದರೂ ಈ ಎರಡು ಅಂಕಿಗಳಷ್ಟು ಸ್ಪಷ್ಟವಾಗಿ ಅದು ನನಗೆ ಏನನ್ನೂ ಹೇಳಿರಲಿಲ್ಲ. ಅಂದಿನಿಂದ ಮನೆಮಂದಿಯೆಲ್ಲ ನನ್ನ ಪಥ್ಯದ ಅಡುಗೆಯನ್ನೇ ಉಣ್ಣುತ್ತಿದ್ದಾರೆ. ನನಗಾಗಿ ಬೇರೆ ಪಾತ್ರೆ ಒಲೆಯೇರಿಲ್ಲ.

ಪಕ್ಕದ ಮನೆಯ ಹುಡುಗನಿಗೂ ವಂದನೆ ಸಲ್ಲಬೇಕು. ಒಂದು ಸಂಜೆ ಅಡಿಕೆ ತೋಟದಲ್ಲಿ ಕೈ ನಡುಗಿ, ಮೈಯೆಲ್ಲ ಬೆವರಿದಾಗ ಅವನೇ ಮನೆಗೆ ಓಡಿ ಗ್ಲುಕೋಮೀಟರ್ ತಂದ. 62 ಇತ್ತು. 70ಕ್ಕಿಂತ ಕೆಳಗಿಳಿದರೆ ಸುಮಾರು 15 ಗ್ರಾಂ ಗ್ಲುಕೋಸ್ ಕೊಟ್ಟು, 15 ನಿಮಿಷದ ನಂತರ ಮತ್ತೆ ನೋಡಬೇಕೆಂದು ಸಿಸ್ಟರ್ ಹೇಳಿದ್ದನ್ನು ನನ್ನಿಂದ ಕೇಳಿ ತಿಳಿದಿದ್ದ ಅವನು ಹಾಗೆಯೇ ಮಾಡಿದ. ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಕಂಡ ವೈದ್ಯರು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯ ಪ್ರಮಾಣವನ್ನು ಇಳಿಸಿದರು.

ಸ್ಟ್ರಿಪ್ಪಿನ ಅವಧಿ ಮುಗಿಯುವ ತಿಂಗಳನ್ನು ನೋಡಿಯೇ ಕೈಗೆ ಕೊಡುವ ಔಷಧಿ ಅಂಗಡಿಯವರಿಗೂ ನಾನು ಕೃತಜ್ಞ. ನಮ್ಮೂರಿನಲ್ಲಿ ಹೊಸದಾಗಿ ಗ್ಲುಕೋಮೀಟರ್ ಕೊಂಡು ಚುಚ್ಚಿಕೊಳ್ಳಲು ಅಂಜುತ್ತಿರುವವರು ಯಾರೇ ಇದ್ದರೂ ಸಂಕೋಚವಿಲ್ಲದೆ ಮನೆಗೆ ಬನ್ನಿ. ಸಿಸ್ಟರ್ ನನಗೆ ತೋರಿಸಿದಂತೆಯೇ ನಿಮಗೂ ತೋರಿಸಿಕೊಡುತ್ತೇನೆ.