ರಸ್ತೆ ಬಿಡುತ್ತೇವೆ, ಊರಿಗೊಂದು ಕಣ ಕೊಡಿ

ಮಾನ್ಯ ಸಂಪಾದಕರೇ,

ಸುಗ್ಗಿ ಬಂತೆಂದರೆ ಓದುಗರ ಪತ್ರಗಳಲ್ಲಿ ಒಂದು ದೂರು ತಪ್ಪುವುದಿಲ್ಲ. ರಸ್ತೆಯಲ್ಲಿ ಹರಡಿದ ಹುರುಳಿ ಸೊಪ್ಪಿನ ಮೇಲೆ ಬೈಕ್ ಜಾರಿತು, ರಾಗಿ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಹೊಗೆ ಬಂತು, ಈ ರೈತರಿಗೆ ದಂಡ ಹಾಕಿ ಅಂತ. ದೂರು ಸುಳ್ಳಲ್ಲ. ನಾನೂ ರಸ್ತೆಯಲ್ಲಿ ರಾಗಿ ಹರಡಿದವಳೇ. ಅದಕ್ಕೇ ಈ ಪತ್ರ.

ನನ್ನ ತವರು, ಗಂಡನ ಮನೆ ಎರಡೂ ಕುಣಿಗಲ್ ತಾಲ್ಲೂಕಿನಲ್ಲೇ. ಎರಡೂ ಕಡೆ ರಾಗಿ ಬೇಸಾಯ. ನಾನು ಚಿಕ್ಕವಳಿದ್ದಾಗ ರಸ್ತೆ ಮೇಲೆ ಕಾಳು ಹರಡಿದ್ದನ್ನು ನೋಡಿಯೇ ಇಲ್ಲ. ತೆನೆ ಒಕ್ಕಲು ಕಣ ಇತ್ತಲ್ಲ! ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಅಪ್ಪ ಹೊಲದ ಮೂಲೆಯಲ್ಲಿ ಗರಿಕೆ ಕೆತ್ತಿ ನೆಲ ಮಟ್ಟ ಮಾಡುತ್ತಿದ್ದರು. ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ ಗಟ್ಟಿ ಮಾಡುವುದು. ಆಮೇಲೆ ಅವ್ವ, ದೊಡ್ಡವ್ವ ಸೇರಿ ಸಗಣಿ ಬಗ್ಗಡ ಸಾರಿಸುತ್ತಿದ್ದರು. ಒಣಗಿದ ಮೇಲೆ ಮನೆಯ ಪಡಸಾಲೆಗಿಂತ ನುಣುಪು. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ, ಊರ ಪಟೇಲರೇ ಆದರೂ.

ಎತ್ತುಗಳು ಗುಂಡು ಎಳೆಯುತ್ತಾ ಸುತ್ತುವಾಗ ನನಗೊಂದು ಕೆಲಸ ಇತ್ತು. ಎರಡೂ ಕೈಯಲ್ಲಿ ಹುಲ್ಲು ಹಿಡಿದು ಎತ್ತಿನ ಹಿಂದೆ ನಡೆಯುವುದು. ಎತ್ತು ಬಾಲ ಎತ್ತಿತೋ, ಸಗಣಿ ರಾಗಿ ಮೇಲೆ ಬೀಳುವ ಮೊದಲೇ ಹಿಡಿದು ಹೊರಗೆ ಹಾಕಬೇಕು. ಹುಲ್ಲು ಸಾಲದೆ ಬಿಸಿ ಸಗಣಿ ಅಂಗೈಗೆ ತಾಗುತ್ತಿತ್ತು. ಮಾಗಿ ಚಳಿಯಲ್ಲಿ ಅದು ಹಿತವಾಗಿಯೇ ಇರುತ್ತಿತ್ತು. ಬೇರೆಯವರು ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಅಪ್ಪ ಕಟ್ಟುತ್ತಿರಲಿಲ್ಲ. ‘ದುಡಿಯೋ ಬಾಯಿ ನಾಲ್ಕು ತೆನೆ ತಿಂದ್ರೆ ಏನು ಕಮ್ಮಿ ಆಯ್ತದೆ ಮಗಾ’ ಅನ್ನುತ್ತಿದ್ದರು.

ತೂರಿದ ರಾಗಿಯನ್ನು ರಾಶಿ ಮಾಡಿ, ಸುತ್ತ ಬೂದಿಯಲ್ಲಿ ಗೆರೆ ಎಳೆದು, ಸಗಣಿಯಲ್ಲಿ ಮಾಡಿದ ಬೆನವನಿಗೆ, ಅಂದರೆ ಗಣಪನಿಗೆ, ಗರಿಕೆ, ತುಂಬೆ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಅಳೆಯುವುದು ತಾತನೇ. ಮೊದಲ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ. ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಕುಲುಮೆಯವರು, ಮಡಿವಾಳರು, ಕ್ಷೌರದವರು, ತೋಟಿ ಎಲ್ಲರ ಪಾಲೂ ಕಣದಲ್ಲೇ ಹೋಗುತ್ತಿತ್ತು. ರಾಗಿ ಮನೆ ಸೇರುವುದು ಕೊನೆಗೆ. ಅಲ್ಲಿಯತನಕ ರಾತ್ರಿ ಕಾವಲು. ಅಪ್ಪನ ಕಂಬಳಿಯೊಳಗೆ ಸೇರಿಕೊಂಡು ರಾಗಿ ಹುಲ್ಲಿನ ಮೇಲೆ ಮಲಗುತ್ತಿದ್ದೆ. ಬೆಂಕಿಯಲ್ಲಿ ಸುಟ್ಟ ಅವರೆಕಾಯಿಯ ಸೊಗಡು ಬೆಳಿಗ್ಗೆವರೆಗೂ ಬೆರಳಲ್ಲಿ ಇರುತ್ತಿತ್ತು.

ಕಣ ಹೋಗಿದ್ದು ಸೋಮಾರಿತನದಿಂದ ಅಲ್ಲ. ನಮ್ಮ ಮಾವನವರ ನಾಲ್ಕು ಎಕರೆ ಮೂವರು ಮಕ್ಕಳಿಗೆ ಹಂಚಿತು. ಪಾಲಿಗೆ ಬಂದ ತುಂಡಿನಲ್ಲಿ ಅರ್ಧ ತೆಂಗು, ಅಡಿಕೆ ಆಯಿತು. ಎತ್ತು ಸಾಕಲು ಆಳಿಲ್ಲ, ಮಾರಿದೆವು. ಎತ್ತಿಲ್ಲದ ಮೇಲೆ ಗುಂಡು ಎಳೆಯುವವರು ಯಾರು? ಒಕ್ಕಣೆ ಮಿಷನ್ ಬಾಡಿಗೆಗೆ ಬರುತ್ತದೆ, ನಿಜ. ಆದರೆ ಮೂರ್ನಾಲ್ಕು ಮೂಟೆ ರಾಗಿಗೆ ಅಂತ ಅವರು ಬರುವುದಿಲ್ಲ. ಮೋಡ ಮುಚ್ಚಿಕೊಂಡು ಬರುವ ಹೊತ್ತಿಗೆ ಕರಿ ರಸ್ತೆ ಕಾಣುತ್ತದೆ. ಒಣಗಿದೆ, ಬಿಸಿಯಾಗಿದೆ, ಬಸ್ಸು ಲಾರಿ ಸುಮ್ನೆ ತುಳಿದುಕೊಂಡು ಹೋಗುತ್ತವೆ. ಹಾಗೆ ಶುರುವಾಯಿತು ಇದು.

ಹೋದ ಸುಗ್ಗಿಯಲ್ಲಿ ನಾವು ಹರಡಿದ್ದ ಹುಲ್ಲಿನ ಮೇಲೆ ಒಬ್ಬ ಹುಡುಗ ಬೈಕ್ ಸಮೇತ ಬಿದ್ದ. ಇಪ್ಪತ್ತು ವರ್ಷ ಇರಬಹುದು. ಪ್ಯಾಂಟ್ ಹರಿದು ಮಂಡಿ ತರಚಿತ್ತು. ಓಡಿ ಹೋಗಿ ಎತ್ತಿದೆ. ಗಾಯ ತೊಳೆಯುವಾಗ ನನ್ನ ಕೈ ನಡುಗುತ್ತಿತ್ತು. ಬೈಯುತ್ತಾನೆ ಅಂದುಕೊಂಡೆ. ಅವನು ಗಾಯಕ್ಕೆ ಅಂಟಿದ್ದ ರಾಗಿ ಕಾಳನ್ನು ಒಂದೊಂದಾಗಿ ತೆಗೆದು, ‘ನಮ್ಮನೇಲೂ ಹಿಂಗೇ ಮಾಡ್ತಾರೆ ಕಣಮ್ಮ’ ಅಂದ. ನೀರು ಕುಡಿದು ಹೋದ. ಅವತ್ತು ಸಂಜೆ ನನಗೆ ಮುದ್ದೆ ಇಳಿಯಲಿಲ್ಲ. ಹಿಂದಿನಿಂದ ಲಾರಿ ಬಂದಿದ್ದರೆ? ಆ ತಾಯಿಗೆ ನಾನು ಏನು ಹೇಳುತ್ತಿದ್ದೆ?

ನಷ್ಟ ನಮಗೂ ಇದೆ. ರಸ್ತೆ ರಾಗಿಯಲ್ಲಿ ಸಣ್ಣ ಕಲ್ಲು, ಟಾರಿನ ಚೂರು, ಗಾಡಿ ಎಣ್ಣೆ. ಎಷ್ಟು ಕೇರಿದರೂ ಹೋಗದು. 2024-25ರಲ್ಲಿ ಸರ್ಕಾರ ರಾಗಿಗೆ ಕ್ವಿಂಟಲಿಗೆ 4,290 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆದರೆ ಖರೀದಿ ಕೇಂದ್ರದಲ್ಲಿ ಕಲ್ಲು, ಕಸ ಕಂಡರೆ ಆ ಬೆಲೆ ನಮಗಿಲ್ಲ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದರು. ರಾಗಿಗೆ ಮರ್ಯಾದೆ ಬಂತೆಂದು ನನಗೂ ಸಂತೋಷವಾಯಿತು. ಮೇಳಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಕೇಕ್ ಎಲ್ಲ ಇಟ್ಟಿದ್ದರು. ಅದೇ ರಾಗಿ ಊರಲ್ಲಿ ಚಕ್ರದ ಕೆಳಗೆ ಬೀಳುತ್ತಿದೆ ಅಲ್ವಾ?

ದಂಡ ಹಾಕಿದರೆ ರೈತರು ರಾತ್ರಿ ಹೊತ್ತು ಹರಡುತ್ತಾರೆ. ಅದು ಇನ್ನೂ ಅಪಾಯ. ಕೆಲವು ಊರುಗಳಲ್ಲಿ ಉದ್ಯೋಗ ಖಾತ್ರಿಯಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿದ್ದಾರೆ. ಎಲ್ಲ ಊರಿಗೂ ಅಂಥದ್ದು ಬೇಕು. ಊರಾಚೆ ಕಟ್ಟಿ ಬಿಟ್ಟರೆ ಯಾರೂ ಹೋಗುವುದಿಲ್ಲ. ಟ್ರ್ಯಾಕ್ಟರ್ ತಿರುಗುವಷ್ಟು ಅಗಲ ಇರಬೇಕು, ತೂರಲು ಗಾಳಿ ಆಡಬೇಕು, ರಾತ್ರಿ ಕಾಯುವವರಿಗೆ ಒಂದು ದೀಪ ಇರಬೇಕು. ಯಾರ ಸರದಿ ಯಾವತ್ತು ಅಂತ ಊರವರೇ ಮಾತಾಡಿಕೊಳ್ಳುತ್ತೇವೆ. ಕೆರೆ ನೀರು ಹಂಚಿಕೊಂಡು ಬಂದವರಿಗೆ ಇದು ಕಷ್ಟವಲ್ಲ.

ನಮ್ಮ ಪಂಚಾಯಿತಿಯಲ್ಲಿ ಕೇಳಿದೆವು. ಜಾಗ ಇಲ್ಲ ಅಂದರು. ನಮ್ಮ ಹೊಲದಲ್ಲಿ ದಾರಿಗೆ ತಾಗಿದಂತೆ ಐದು ಗುಂಟೆ ಇದೆ. ಅದನ್ನು ಊರ ಕಣಕ್ಕೆ ಬಿಟ್ಟುಕೊಡುತ್ತೇವೆ. ಮನೆಯವರು, ಮಗ ಇಬ್ಬರೂ ಒಪ್ಪಿದ್ದಾರೆ. ಅಳತೆ ಮಾಡಲು ಯಾವತ್ತು ಬಂದರೂ ಸರಿ, ಈ ರಾಗಿ ತೆನೆ ಬಲಿಯುವ ಮೊದಲು ಬನ್ನಿ.

– ಒಬ್ಬ ರೈತ ಮಹಿಳೆ, ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ