ನಿಮ್ಮೂರಿನ ಕೆರೆ ಏರಿಯ ಕಲ್ಲಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ದೀಪಾವಳಿಗೆ ಬರುತ್ತೇನೆಂದು ಬರೆದಿದ್ದೀಯ. ಸೊರಬದ ಬಸ್ಸು ಹತ್ತುವ ಮೊದಲು ಅರ್ಧ ದಿನ ಶಿವಮೊಗ್ಗದಲ್ಲಿ ಉಳಿದುಕೊ. ತುಂಗೆಯ ದಂಡೆಯಲ್ಲಿರುವ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗೋಣ. ಒಳಗಿನ ದರ್ಬಾರು ಹಾಲ್, ಆ ದಪ್ಪ ಮರದ ಕಂಬಗಳು ಯಾರಿಗಾದರೂ ಇಷ್ಟವಾಗುವಂಥವೇ. ಹೆಸರು ಶಿವಪ್ಪನಾಯಕನದಾದರೂ ಕಟ್ಟಡ ಹೈದರಾಲಿಯ ಕಾಲದ್ದೆನ್ನುವವರೂ ಇದ್ದಾರೆ. ಆ ಚರ್ಚೆ ಹಾಗಿರಲಿ, ನಾನು ನಿನಗೆ ತೋರಿಸಬೇಕೆಂದಿರುವುದು ಹೊರಗೆ ಅಂಗಳದಲ್ಲಿರುವ ವೀರಗಲ್ಲುಗಳನ್ನು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು. ಕೆಳಗಿನ ಹಂತದಲ್ಲಿ ಕಾಳಗ. ತುರುಗೋಳಿನ, ಅಂದರೆ ದನಗಳ್ಳರ ದಾಳಿಯಲ್ಲಿ ಸತ್ತವನ, ಕಲ್ಲಾದರೆ ವೀರನ ಪಕ್ಕದಲ್ಲಿ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ಅವನನ್ನು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಶಿವಲಿಂಗದ ಎದುರು ಅವನು ಕೈಮುಗಿದು ಕುಳಿತಿರುತ್ತಾನೆ, ಮೇಲೆ ಸೂರ್ಯ ಚಂದ್ರರು. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹವಿದ್ದರೆ ಸತ್ತವನ ಹೆಸರು, ಊರು ಸಿಗುತ್ತವೆ. ಊರಿನ ದನ ಬಿಡಿಸಲು ಹೋಗಿ ಸತ್ತ ಒಬ್ಬ ಸಾಮಾನ್ಯನ ಹೆಸರು ನೂರಾರು ವರ್ಷ ಉಳಿದಿದೆಯೆಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಮಾಸ್ತಿಕಲ್ಲಿನ ಎದುರು ಮಾತ್ರ ನನ್ನ ಮನಸ್ಸು ಹೀಗೆ ಹಗುರವಾಗಿರುವುದಿಲ್ಲ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆಯೇರಿದ ಹೆಣ್ಣು ಅವಳು. ಕೈಮುಗಿಯುವುದಕ್ಕಿಂತ ಹೆಚ್ಚಾಗಿ ಸಂಕಟವೇ ಆಗುತ್ತದೆ. ಆದರೂ ಅವಳು ಬದುಕಿದ್ದಳೆಂಬುದಕ್ಕೆ ಉಳಿದ ಗುರುತು ಅದೊಂದೇ ಇರಬಹುದು, ಅದನ್ನು ಕಳೆಯಬಾರದು.

ಇಷ್ಟೆಲ್ಲ ಬರೆದದ್ದು ನಿಮ್ಮೂರಿನ ಕೆರೆ ಏರಿಯ ಮೇಲೆ ವಾಲಿ ನಿಂತಿರುವ ಕಲ್ಲಿಗಾಗಿ. ಶಾಸನತಜ್ಞ ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳು (1902, 1904) ಆಗಿನ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. ಸೊರಬ ತಾಲ್ಲೂಕು 8ನೆಯದರಲ್ಲಿದೆ, ಊರೂರಿನ ಹೆಸರಿನೊಂದಿಗೆ. ನಿಮ್ಮ ಕಲ್ಲು ಅದರಲ್ಲಿದೆಯೇ ಎಂದು ಇಬ್ಬರೂ ಕೂತು ಹುಡುಕೋಣ. ನಿಧಿಯಾಸೆಗೆ ಇಂಥ ಕಲ್ಲುಗಳ ಬುಡ ಅಗೆಯುವವರಿದ್ದಾರೆ, ಬಟ್ಟೆ ಒಗೆಯಲು ಹಾಸಿಕೊಂಡವರೂ ಇದ್ದಾರೆ. ಅದು ಏನೆಂದು ಊರಿನವರಿಗೆ ಗೊತ್ತಾದರೆ ಅವರೇ ಕಾಯುತ್ತಾರೆ. ನೀನು ಹೇಳಿದರೆ ಅವರು ಕೇಳುತ್ತಾರೆ.

ಅಮ್ಮನಿಗೆ ಫೋನ್ ಮಾಡಿದಾಗ, ಈ ಮಳೆಗಾಲದಲ್ಲಿ ಕಲ್ಲು ಇನ್ನಷ್ಟು ವಾಲಿದೆಯೇ ಎಂದು ಕೇಳಿ ನನಗೆ ಬರೆ.

ನಿನ್ನ ಗೆಳೆಯ